ಮೇಲಿನ ಕೋಣೆಗೆ ಇಪ್ಪತ್ತೊಂದು ಡಿಗ್ರಿ

೯ ಜನವರಿ ೧೯೯೬, ಮಂಗಳವಾರ

ನನ್ನ ಹೆಂಡತಿ ಮೆನ್ನಾಳನ್ನು ನಿನ್ನೆ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಅಲ್ಲಿ ಇನ್ನು ಮಾಡುವುದೇನೂ ಉಳಿದಿಲ್ಲವಂತೆ. ಎಷ್ಟು ದಿನ ಎಂದು ಕೇಳಿದ್ದಕ್ಕೆ ಡಾಕ್ಟರು, ಈ ಚಳಿಗಾಲ ಕಳೆಯಲಿ ನೋಡೋಣ ಎಂದರು. ನಲವತ್ತು ವರ್ಷ ಕಲ್ಲಿದ್ದಲ ಧೂಳು ಕುಡಿದವನು ನಾನು, ಕೆಟ್ಟದ್ದು ಅವಳ ಶ್ವಾಸಕೋಶ. ಇದರಲ್ಲಿ ನ್ಯಾಯ ಹುಡುಕುತ್ತ ಕೂತರೆ ತಲೆ ಕೆಡುತ್ತದೆ.

ಮನೆಗೆ ಬರುವ ನರ್ಸ್ ಡೆಲಿತ್ ಈ ನೋಟುಬುಕ್ಕು ಕೊಟ್ಟಳು. ಮೆನ್ನಾ ಏನು ತಿಂದಳು, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಕೋಣೆಯ ಶಾಖ ಎಷ್ಟು, ಇವಿಷ್ಟನ್ನು ದಿನವೂ ಬರೆಯಬೇಕು. ಮಂಚದ ತಲೆಗೆ ಒಂದು ಪುಟ್ಟ ತಾಪಮಾಪಕ ತೂಗುಹಾಕಿ ಹೋಗಿದ್ದಾಳೆ. ಬರೆಯುವುದು ನನಗೆ ಹೊಸದಲ್ಲ. ಮುಂಭಾಗದ ಪುಟಗಳು ಡೆಲಿತ್‌ಗೆ. ಬುಕ್ಕನ್ನು ತಿರುವಿ ಹಿಂದಿನಿಂದ ಶುರುಮಾಡಿರುವ ಇದು ನನ್ನದು. ಇದನ್ನು ಯಾರೂ ತಿರುವಿ ನೋಡುವುದಿಲ್ಲ.

ಗಣಿಯಲ್ಲಿ ನನ್ನ ಹುದ್ದೆಯ ಹೆಸರು ಫೈರ್‌ಮನ್. ಡೆಲಿತ್ ಕಾರ್ಡಿಫ್ ನಗರದ ಕಡೆಯವಳು, ಅದನ್ನು ಕೇಳಿ ಬೆಂಕಿ ಆರಿಸುವವನು ಎಂದುಕೊಂಡಳು. ಅಲ್ಲಮ್ಮಾ ಎಂದೆ. ಕೆಲಸದವರಿಗಿಂತ ಮೊದಲು ಒಬ್ಬನೇ ಒಳಗೆ ಹೋಗಿ, ಒಂದೊಂದು ಜಾಗದಲ್ಲೂ ಜಾಲರಿ ಮುಚ್ಚಿದ ದೀಪ ಎತ್ತಿ ಹಿಡಿದು, ಅದರ ಜ್ವಾಲೆಯಿಂದ ಉರಿಯುವ ಗಾಳಿ ಸೇರಿದೆಯೇ, ಚಾವಣಿ ಗಟ್ಟಿಯಿದೆಯೇ ಎಂದು ನೋಡಬೇಕು. ನೋಡಿದ ಮೇಲೆ ಅಲ್ಲೇ ಸೀಮೆಸುಣ್ಣದಲ್ಲಿ ಹೆಸರಿನ ಮೊದಲಕ್ಷರಗಳನ್ನೂ ತಾರೀಖನ್ನೂ ಬರೆಯಬೇಕು. ಆ ಗುರುತು ಕಂಡ ಮೇಲೆಯೇ ಜನ ಒಳಗೆ ಕಾಲಿಡುತ್ತಿದ್ದದ್ದು. ಆ ಹುದ್ದೆಯ ಇಪ್ಪತ್ತೆರಡು ವರ್ಷದಲ್ಲಿ, ಹೋಗದ ಜಾಗಕ್ಕೆ ಒಂದು ದಿನವೂ ನಾನು ಗುರುತು ಹಾಕಲಿಲ್ಲ. ಹಾಕಿದವರಿದ್ದರು. ಅವರ ಹೆಸರು ಇಲ್ಲಿ ಬೇಡ.

ಮೇಲಿನ ಕೋಣೆ: ಬೆಳಿಗ್ಗೆ ೨೫, ಮಧ್ಯಾಹ್ನ ೧೩, ಸಂಜೆ ೨೬. ಅರ್ಧ ಬಟ್ಟಲು ಸೂಪು ಕುಡಿದಳು. ನಾನು ಕೆಳಗೆ ಬೆಂಕಿಯ ಹತ್ತಿರ ಇದ್ದೇನೆ.

೧೨ ಜನವರಿ, ಶುಕ್ರವಾರ

ಡೆಲಿತ್ ನನ್ನ ಅಂಕಿಗಳನ್ನು ನೋಡಿ ಬೈದಳು. ಒಂದು ಹೊತ್ತಿಗೆ ಬೇಸಿಗೆ, ಒಂದು ಹೊತ್ತಿಗೆ ಚಳಿಗಾಲ, ಇದರಲ್ಲಿ ಗಟ್ಟಿಮುಟ್ಟಾದವರೇ ಮಲಗಿಬಿಡುತ್ತಾರೆ ಎಂದಳು. ಮೆನ್ನಾಳ ಮೈಯಲ್ಲಿ ಈಗ ಶಾಖ ಹಿಡಿದಿಡುವಷ್ಟು ಮಾಂಸವಿಲ್ಲ. ಇಪ್ಪತ್ತೊಂದು ಡಿಗ್ರಿ, ಹಗಲೂ ರಾತ್ರಿ, ಏರುವ ಹಾಗಿಲ್ಲ, ಇಳಿಯುವ ಹಾಗಿಲ್ಲ.

ತಪ್ಪು ಬಾಯ್ಲರಿನದು, ಅಡುಗೆಮನೆಯಲ್ಲಿ ಗ್ಯಾಸಿನಿಂದ ನೀರು ಕಾಯಿಸಿ ಕೋಣೆ ಕೋಣೆಯ ರೇಡಿಯೇಟರಿಗೆ ಕಳಿಸುವುದು. ಅದಕ್ಕಿರುವುದು ಒಂದು ಗಡಿಯಾರ ಮಾತ್ರ. ಬೆಳಿಗ್ಗೆ ಆರಕ್ಕೆ ಹೊತ್ತಿಕೊಂಡು ಒಂಬತ್ತಕ್ಕೆ ಆರುತ್ತದೆ, ಸಂಜೆ ನಾಲ್ಕಕ್ಕೆ ಮತ್ತೆ ಹೊತ್ತಿಕೊಳ್ಳುತ್ತದೆ. ಮನೆ ಬಿಸಿಯಾಗಿದೆಯೇ ತಣ್ಣಗಿದೆಯೇ ಎಂದು ಅದು ಯಾರನ್ನೂ ಕೇಳುವುದಿಲ್ಲ. ಎರಡು ವರ್ಷದ ಹಿಂದೆ ಮೆನ್ನಾ ಹಟ ಹಿಡಿದು ಹಾಕಿಸಿದ್ದು. ಫೈರ್‌ಮನ್ ಮನೆಗೆ ಗ್ಯಾಸ್ ಬಂತು ಎಂದು ಬೀದಿಯೆಲ್ಲ ನಕ್ಕಿತ್ತು. ನಾನು ಅದರ ತಂಟೆಗೆ ಹೋದವನಲ್ಲ. ನನಗೆ ನನ್ನ ಬೆಂಕಿಯಿದೆ. ಗಣಿ ಮುಚ್ಚಿದರೂ ನಿವೃತ್ತರ ಪಾಲಿನ ಕಲ್ಲಿದ್ದಲು ಇವತ್ತಿಗೂ ಲಾರಿಯಲ್ಲಿ ಬಂದು ಬಾಗಿಲ ಮುಂದೆ ಬೀಳುತ್ತದೆ, ನಾನು ಬಕೆಟ್ಟಿನಲ್ಲಿ ಹೊತ್ತು ಹಿತ್ತಲಿಗೆ ಹಾಕುತ್ತೇನೆ. ಹಿಂದಿನ ಕೋಣೆಯ ಈ ಒಲೆ ಒಂದೊಂದು ಚಳಿಗಾಲವೂ ಹೊತ್ತಿದೆ, ನಾವು ಈ ಮನೆಗೆ ಬಂದ ೧೯೬೧ರಿಂದ. ಮಲಗುವಾಗ ಕಲ್ಲಿದ್ದಲಿನ ಒದ್ದೆ ಪುಡಿ ಮುಚ್ಚುತ್ತೇನೆ, ಬೆಳಿಗ್ಗೆ ಕೆದಕುತ್ತೇನೆ, ಒಳಗೆ ಕೆಂಪು ಕೆಂಡ ಇದ್ದೇ ಇರುತ್ತದೆ.

ಬಾಯ್ಲರಿಗೆ ಥರ್ಮೋಸ್ಟಾಟ್ ಹಾಕಿಸಿ ಎಂದು ಡೆಲಿತ್ ಹೇಳಿದ್ದಾಳೆ. ಗೋಡೆಗೆ ಹಾಕುವ ಪೆಟ್ಟಿಗೆಯಂತೆ. ಇಷ್ಟು ಡಿಗ್ರಿ ಬೇಕು ಎಂದು ಅದರಲ್ಲಿ ತಿರುಗಿಸಿಟ್ಟರೆ, ಕಡಿಮೆಯಾದಾಗ ಬಾಯ್ಲರನ್ನು ಹೊತ್ತಿಸುತ್ತದೆ, ಸಾಕಾದಾಗ ಆರಿಸುತ್ತದೆ. ಗ್ಯಾಸ್ ಕೆಲಸದ ಕೆರಿಗೆ, ಊರಿನವರ ಬಾಯಲ್ಲಿ ಕೆರಿ ಗ್ಯಾಸ್‌ಗೆ, ಹೇಳಿ ಕಳಿಸಿದೆ.

೧೭ ಜನವರಿ, ಬುಧವಾರ

ಕೆರಿ ಬಂದು ಹೋದ. ಗಣಿಯಲ್ಲಿ ನನ್ನ ಕೈಕೆಳಗೆ ಕಲ್ಲಿದ್ದಲ ಗಾಡಿ ಎಳೆಯುವ ಹಗ್ಗದ ಕೆಲಸ ಮಾಡುವಾಗ ಅವನು ಕೆರಿ ರೋಪ್ ಆಗಿದ್ದ. ಗಣಿ ಮುಚ್ಚಿದ ಮೇಲೆ ಸರ್ಕಾರದ ತರಬೇತಿಗೆ ಹೋಗಿ ಬಂದು ಕೆರಿ ಗ್ಯಾಸ್ ಆದ. ಐವತ್ತರ ಹತ್ತಿರ ಬಂದರೂ ಬಾಯಿ ಮಾತ್ರ ಬದಲಾಗಿಲ್ಲ. ಇವತ್ತೂ ಒಳಗೆ ಬರುವಾಗಲೇ, ಫೈರ್‌ಮನ್ ಸಾಹೇಬರು ಗ್ಯಾಸಿನ ಮುಂದೆ ಟೊಪ್ಪಿ ತೆಗೆಯೋ ದಿನ ಬಂತಲ್ಲ ಎಂದ. ಗೋಡೆ ಕೊರೆಯುವ ಧೂಳು, ಹೊಗೆ ಎರಡೂ ಒಟ್ಟಿಗೆ ಬೇಡವೆಂದು ಬೆಂಕಿಗೆ ಒದ್ದೆ ಪುಡಿ ಮುಚ್ಚಿಟ್ಟಿದ್ದೆ.

ಪೆಟ್ಟಿಗೆ ಎಲ್ಲಿ ಹಾಕುವುದು ಎಂಬುದೇ ಮಾತಾಯಿತು. ಮೇಲಿನ ಕೋಣೆಯಲ್ಲೇ ಹಾಕೋಣ, ಬೇಕಾದದ್ದು ಅಲ್ಲಿ ತಾನೇ, ಎಂದು ಕೆರಿ ಹೇಳಿದ. ಅದಕ್ಕೆ ಮಂಚ ಸರಿಸಿ, ಹಲಗೆ ಕಿತ್ತು, ತಂತಿ ಎಳೆಯಬೇಕು. ಅವಳಿಗೆ ತೊಂದರೆ ಕೊಡುವುದು ಬೇಡ ಎಂದೆ. ಜೊತೆಗೆ ಅಂಥ ಉಪಕರಣ ನನ್ನ ಕಣ್ಣೆದುರಿಗೇ ಇರಬೇಕು. ಇಲ್ಲಿ ನನ್ನ ಕುರ್ಚಿಯ ಪಕ್ಕದ ಗೋಡೆಗೆ ಹಾಕು ಎಂದೆ. ಜೇಬಿನಲ್ಲಿ ಸೀಮೆಸುಣ್ಣ ಇತ್ತು, ಈಗಲೂ ಇಟ್ಟುಕೊಳ್ಳುವ ಚಾಳಿ. ಜಾಗಕ್ಕೆ ಗುರುತು ಮಾಡಿ, ಕೈ ನಿಲ್ಲದೆ ಕೆಳಗೆ ಎ.ಬೇ., ಎಮ್ರಿಸ್ ಬೇನನ್, ಎಂದೂ ತಾರೀಖನ್ನೂ ಬರೆದುಬಿಟ್ಟೆ. ಕೆರಿ ನಕ್ಕ.

ಹೊರಡುವಾಗ ಒಲೆಯ ಕಡೆ ಗಲ್ಲ ಎತ್ತಿ ತೋರಿಸಿದ. "ಆ ಮುದುಕನ್ನ ಇನ್ನು ಮಲಗಿಸಿಬಿಡಿ ಸಾಹೇಬ್ರೇ. ಅವನೂ ಈ ಪೆಟ್ಟಿಗೇನೂ ಒಂದೇ ಕೋಣೇಲಿ ಬಾಳ್ವೆ ಮಾಡಲ್ಲ."

ಕಲ್ಲಿದ್ದಲಿನ ಅನ್ನ ತಿಂದವನು, ಈಗ ಕಲ್ಲಿದ್ದಲನ್ನೇ ಆಡಿಕೊಳ್ಳುತ್ತಾನೆ. ನಿನ್ನ ಗ್ಯಾಸು ಕೆಟ್ಟ ದಿನ ಅವನೇ ನಿನಗೆ ಚಹಾ ಕಾಯಿಸಿಕೊಡುತ್ತಾನೆ ಎಂದು ಕಳಿಸಿದೆ. ಕೆರಿಗೆ ನಾಳೆಯಿಂದ ಎರಡು ಮೂರು ವಾರ ಸ್ವಾನ್ಸಿಯಲ್ಲಿ ಕೆಲಸವಂತೆ.

೧೯ ಜನವರಿ, ಶುಕ್ರವಾರ

ಪೆಟ್ಟಿಗೆ ಕೆಲಸ ಮಾಡುತ್ತಿದೆ! ಟಿಕ್ ಅಂತ ಒಂದು ಸದ್ದು, ಅಷ್ಟೇ. ಮರುಕ್ಷಣ ಅಡುಗೆಮನೆಯಲ್ಲಿ ಬಾಯ್ಲರು ಹೊತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್. ನಿನ್ನೆ ಇವತ್ತು ಎರಡೂ ದಿನ ಔಷಧಿ, ಆಸ್ಪತ್ರೆಯ ಕಾಗದ ಎಂದು ಊರೆಲ್ಲ ಸುತ್ತಿದೆ, ಬೆಂಕಿಯನ್ನು ಎಬ್ಬಿಸಲು ಹೊತ್ತೇ ಆಗಲಿಲ್ಲ, ಪುಡಿ ಮುಚ್ಚಿ ಜೀವ ಉಳಿಸಿದ್ದೇನೆ. ಡೆಲಿತ್ ತಾನೇ ಕೈಯಾರೆ ಇಪ್ಪತ್ತೊಂದಕ್ಕೆ ಇಟ್ಟಳು. ಮೇಲಿನ ಕೋಣೆ: ೨೧, ೨೦, ೨೧.

ಮೇಲೆ ಹೋಗಿ ಮೆನ್ನಾಳಿಗೆ ಹೇಳಿ ಐದು ನಿಮಿಷ ಕೂತಿದ್ದೆ. ಅವಳು ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು, ಅಂಗೈ ಗೋಡೆಗೆ ಒತ್ತಿಕೊಂಡಿತ್ತು. ಕಿಟಕಿಯ ಕಡೆ ಗಾಳಿ ನುಗ್ಗುತ್ತದೆ ಎಂದು ಮಂಚವನ್ನು ಚಿಮಣಿ ಹಾದುಹೋಗುವ ಆ ಗೋಡೆಗೆ ತಾಗಿಸಿದ್ದೇವೆ. ನಾನು ಎದ್ದಾಗ, "ಸುದ್ದಿ ಕೊಟ್ಟಾಯ್ತು, ಪೋಸ್ಟ್‌ಮನ್ ಹೊರಟ," ಎಂದಳು. ಕೆಲಸ ಬಹಳ ಇದೆ ಎಂದೆ. ಕೆಳಗೆ ಬಂದು ಕೂತೆ.

೨೫ ಜನವರಿ, ಗುರುವಾರ

ಹಿಮ ಬೀಳುತ್ತಿದೆ. ಭಾನುವಾರದಿಂದ ಬೆಂಕಿಯನ್ನು ಚೆನ್ನಾಗಿ ಎಬ್ಬಿಸಿ ಇಟ್ಟಿದ್ದೇನೆ. ಆದರೂ ಮನೆ ಬೆಚ್ಚಗಾಗುತ್ತಿಲ್ಲ. ಮೇಲಿನ ಕೋಣೆ: ೧೬, ೧೫, ೧೫. ಪೆಟ್ಟಿಗೆ ಟಿಕ್ ಅನ್ನುವುದನ್ನೇ ಬಿಟ್ಟಿದೆ. ಒಂದು ವಾರ ಬಾಳಲಿಲ್ಲ. ರೇಡಿಯೇಟರು ಮುಟ್ಟಿದರೆ ಹೆಣದ ಹಾಗೆ. ಬಾಯ್ಲರಿನ ಮುಂದೆ ಮಂಡಿಯೂರಿ ನೋಡಿದೆ, ಒಳಗೆ ಚಿಕ್ಕ ನೀಲಿ ಜ್ವಾಲೆ ಇದೆ, ಅದು ಯಾರಾದರೂ ಕರೆಯಲಿ ಎಂದು ಕಾಯುತ್ತಿದೆ. ನನಗೆ ಕರೆಯಲು ಬರುವುದಿಲ್ಲ.

ಕೆರಿಯ ಮನೆಗೆ ಫೋನು ಮಾಡಿದೆ. ಇನ್ನೂ ಸ್ವಾನ್ಸಿಯಲ್ಲಿದ್ದಾನೆ.

ಕೆರಿ ಬರುವವರೆಗೆ ಎಂದು ಡೆಲಿತ್ ಹೇಳಿದಂತೆ ಮೆನ್ನಾಳಿಗೆ ಬಿಸಿನೀರಿನ ಚೀಲ ಎರಡು, ಕಂಬಳಿ ನಾಲ್ಕು, ಉಣ್ಣೆ ಟೊಪ್ಪಿ. ಚಳಿಯೇ ಎಂದರೆ ಇಲ್ಲ ಎನ್ನುತ್ತಾಳೆ. ಹೇಳುವಾಗ ಹಲ್ಲು ಕಟಕಟಿಸುತ್ತದೆ.

೨೭ ಜನವರಿ, ಶನಿವಾರ

ಮೆನ್ನಾಳ ತಂಗಿ ನೆಸ್ತಾ ಬಸ್ಸಿನಲ್ಲಿ ಬಂದಿದ್ದಳು, ಒಣದ್ರಾಕ್ಷಿ ಹಾಕಿದ ಬಿಲ್ಲೆ ಕೇಕು ಒಂದು ಡಬ್ಬಿ ತುಂಬ ತಂದಿದ್ದಳು. ಮೆನ್ನಾ ಮೂಸಿ ನೋಡಿ ಪಕ್ಕಕ್ಕಿಟ್ಟಳು. ನೆಸ್ತಾ ಕೆಳಗೆ ಬಂದು, ಬೆಂಕಿಗೆ ಬೆನ್ನು ಕಾಯಿಸುತ್ತ, ನನ್ನ ಅಕ್ಕನನ್ನ ಮೇಲೆ ಶೀತಪೆಟ್ಟಿಗೆಯಲ್ಲಿ ಇಟ್ಟಿದ್ದೀಯ ಭಾವ ಎಂದು ಶುರುಮಾಡಿದಳು. ಪೆಟ್ಟಿಗೆಯ ಹತ್ತಿರ ಹೋಗಿ ಸುಮ್ಮನೆ ಇಪ್ಪತ್ತೈದಕ್ಕೆ ತಿರುಗಿಸಿಬಿಟ್ಟಳು! ಟಿಕ್ ಇಲ್ಲ, ಏನೂ ಇಲ್ಲ. ನಾನು ವಾಪಸ್ಸು ಇಪ್ಪತ್ತೊಂದಕ್ಕೆ ತಂದೆ. ನರ್ಸ್ ಇಟ್ಟದ್ದನ್ನು ಯಾರೂ ಮುಟ್ಟಬಾರದು, ಉಪಕರಣ ಅಂದರೆ ಆಟದ ಸಾಮಾನಲ್ಲ ಎಂದೆ.

"ಉಪಕರಣ ನೋಡ್ಕೊಂಡು ಇಡೀ ದಿನ ಇಲ್ಲೇ ಕೂತಿರ್ತೀಯಲ್ಲ ಭಾವ, ಅವಳನ್ನ ನೋಡ್ಕೊಳ್ಳೋಕೆ ಯಾವಾಗ ಹೋಗ್ತೀಯ?"

ನಾನು ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಚಹಾ ಒಯ್ಯುವವನು ಯಾರು, ಚೀಲಕ್ಕೆ ಬಿಸಿನೀರು ತುಂಬುವವನು ಯಾರು? ಮೇಲೆ ಕೂತು ಏನು ಮಾಡಬೇಕು? ಅವಳ ಮುಖ ನೋಡಿಕೊಂಡು ಕೂತರೆ ವಾಸಿಯಾಗುತ್ತದೆಯೇ? ಅಲ್ಲಿ ನನ್ನ ಕೈಗೆ ಕೆಲಸವೇ ಇಲ್ಲ. ನೆಸ್ತಾಗೆ ಇದನ್ನು ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದೆ.

೨೯ ಜನವರಿ, ಸೋಮವಾರ

೧೪, ೧೪, ೧೩. ಚಹಾ ಎರಡು ಗುಟುಕು. ಕೆಮ್ಮು.

೩೧ ಜನವರಿ, ಬುಧವಾರ

ಇದನ್ನು ಬರೆಯಲೇಬೇಕು, ಆದ್ದರಿಂದ ಸರಿಯಾಗಿ ಬರೆಯುತ್ತೇನೆ.

ಡೆಲಿತ್ ದಿನವೂ ಮುಂಬಾಗಿಲಿನಿಂದ ಬಂದು ನೇರ ಮೆಟ್ಟಿಲು ಹತ್ತಿ ಹೋಗುವವಳು. ಶಾಖ ಹೊರಗೆ ಹೋಗಬಾರದು ಎಂದು ನನ್ನ ಕೋಣೆಯ ಬಾಗಿಲು ನಾನು ಯಾವಾಗಲೂ ಮುಚ್ಚಿಡುತ್ತೇನೆ. ಇವತ್ತು ಡಾಕ್ಟರಿಗೆ ಫೋನು ಮಾಡಬೇಕೆಂದು ಒಳಗೆ ಬಂದಳು. ಮಾತು ಮುಗಿಯುವುದರೊಳಗೆ ಕೋಟಿನ ಗುಂಡಿ ಬಿಚ್ಚಿದಳು, ಆಮೇಲೆ ಕೋಟನ್ನೇ ತೆಗೆದಳು.

"ಬೇನನ್ ಅವ್ರೇ, ಇಲ್ಲಿ ಬ್ರೆಡ್ ಸುಡಬಹುದು. ಮೇಲೆ ನೋಡಿದ್ರೆ ಪ್ರಾರ್ಥನೆ ಇಲ್ಲದ ದಿನದ ಚಾಪೆಲ್ ಇದ್ದ ಹಾಗೆ ತಣ್ಣಗಿದೆ."

ಇಷ್ಟು ಹೇಳಿ ಇನ್ನೊಂದು ಮನೆಗೆ ಹೊತ್ತಾಯಿತೆಂದು ಹೊರಟುಹೋದಳು. ನಾನು ಕೂತೇ ಇದ್ದೆ. ಆಮೇಲೆ ಎದ್ದು ಮಂಚದ ತಲೆಯ ತಾಪಮಾಪಕವನ್ನು ಬಿಚ್ಚಿಕೊಂಡು ಬಂದೆ. ಗಣಿಯಲ್ಲಿ ಮಾಡುತ್ತಿದ್ದ ಹಾಗೆಯೇ ಒಂದೊಂದು ಜಾಗದಲ್ಲೂ ಹತ್ತು ನಿಮಿಷ ನಿಂತು ನೋಡಿದೆ. ಮೇಲಿನ ಕೋಣೆ ೧೪. ಮೆಟ್ಟಿಲ ತಲೆ ೧೩. ಮುಂದಿನ ಕೋಣೆ ೧೧. ಅಡುಗೆಮನೆ ೧೩. ನನ್ನ ಕೋಣೆ, ನನ್ನ ಕುರ್ಚಿ, ಪೆಟ್ಟಿಗೆಯ ಪಕ್ಕ: ೨೭.

ಪೆಟ್ಟಿಗೆ ಕೆಟ್ಟಿಲ್ಲ. ಅದು ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ. ಹತ್ತು ದಿನದಿಂದ ಅದು ನನ್ನ ಬೆಂಕಿಯ ಎದುರು ಬೆಚ್ಚಗೆ ಕೂತು, ಈ ಮನೆಯಲ್ಲಿ ಯಾರಿಗೂ ಚಳಿಯಿಲ್ಲ ಎಂದು ಬಾಯ್ಲರಿಗೆ ಹೇಳುತ್ತಿದೆ. ಹಾಗೆ ಹೇಳಿಸಿದವನು ನಾನು. ಕೆರಿ ಅಂದು ಹೇಳಿದ್ದೂ ಇದನ್ನೇ. ಅವನು ಯಾವಾಗಲೂ ನಗುತ್ತಲೇ ಮಾತಾಡುತ್ತಾನೆ, ನಾನು ನಗುವನ್ನು ಮಾತ್ರ ಕೇಳಿಸಿಕೊಂಡೆ.

ಹೊಸದಾಗಿ ಸೇರಿದ ಫೈರ್‌ಮನ್‌ಗಳಿಗೆ ಮೊದಲ ದಿನ ನಾನೇ ಕಲಿಸುತ್ತಿದ್ದ ಪಾಠ ಒಂದಿತ್ತು. ಉರಿಯುವ ಗಾಳಿ ಹಗುರ, ಚಾವಣಿಯ ಸಂದಿಯಲ್ಲಿ ಸೇರಿಕೊಂಡಿರುತ್ತದೆ. ದೀಪವನ್ನು ಅಲ್ಲಿಗೆ ಎತ್ತಿ ಹಿಡಿ, ನಿನಗೆ ಉಸಿರಾಡಲು ಸುಖವಾಗಿರುವ ಕಡೆ ಹಿಡಿದು ಸರಿಯಿದೆ ಎಂದು ಬರೆಯಬೇಡ. ಗೋಡೆಯ ಮೇಲೆ ಪೆಟ್ಟಿಗೆಯ ಕೆಳಗೆ ನನ್ನ ಸೀಮೆಸುಣ್ಣದ ಗುರುತು ಇನ್ನೂ ಇದೆ. ಎ.ಬೇ. ೧೭-೧-೯೬. ತೋಳಿನಿಂದ ಒರೆಸಿದೆ, ಪೂರ್ತಿ ಹೋಗಲಿಲ್ಲ.

ಮೆಟ್ಟಿಲ ಮೇಲೆ ಕೂತು ಅತ್ತೆ. ನಾಚಿಕೆಯಾಯಿತು.

೧ ಫೆಬ್ರವರಿ, ಗುರುವಾರ

ಬೆಳಿಗ್ಗೆ ಬೆಂಕಿ ಕೆದಕಲಿಲ್ಲ. ನೀರು ಹಾಕಿ ಆರಿಸಲು ಮನಸ್ಸು ಬರಲಿಲ್ಲ, ಇದ್ದಷ್ಟು ಹೊತ್ತು ಇರಲಿ ಎಂದು ಬಿಟ್ಟೆ. ಆರುವುದನ್ನು ನೋಡುತ್ತ ಕೂರಲಾರದೆ ಮೇಲೆ ಹೋದೆ. ಕೋಣೆಯಲ್ಲಿ ಕುರ್ಚಿಯಿರಲಿಲ್ಲ. ಇಷ್ಟು ದಿನವೂ ಇರಲಿಲ್ಲ. ಕೆಳಗಿನಿಂದ ನನ್ನದನ್ನೇ ಹೊತ್ತುಕೊಂಡು ಹೋದೆ, ಮೆಟ್ಟಿಲ ತಿರುವಿನಲ್ಲಿ ಗೋಡೆಯ ಕಾಗದ ಒಂದು ಕಡೆ ಹರಿಯಿತು.

ಹನ್ನೊಂದೂವರೆಗೆ ಕೆಳಗಿನಿಂದ ಟಿಕ್ ಅಂತ ಕೇಳಿಸಿತು. ರೇಡಿಯೇಟರಿನೊಳಗೆ ನೀರು ಗೊಳಗೊಳ ಎಂದಿತು. ಒಂದು ಗಂಟೆಗೆ ೧೭, ಮೂರಕ್ಕೆ ೨೧. ಮೆನ್ನಾ ಟೊಪ್ಪಿ ತೆಗೆದಳು. ಸ್ವಲ್ಪ ನಿದ್ದೆ ಮಾಡಿದಳು. ಎದ್ದಾಗ ಗೋಡೆಯ ಮೇಲೆ ಕೈಯಾಡಿಸಿ ಗಾಬರಿಯಾದಳು. ನಾನು ಅವಳ ಬೆನ್ನ ಹಿಂದೆ ಕೂತಿದ್ದೆ, ಅವಳಿಗೆ ಕಾಣುತ್ತಿರಲಿಲ್ಲ.

"ಎಮ್ರಿಸ್? ಎಲ್ಲಿಗೆ ಹೋದೆ?"

"ಇಲ್ಲೇ ಇದ್ದೀನಿ."

"ಗೋಡೆ ತಣ್ಣಗಾಗಿದೆ."

ಬೆಂಕಿ ಆರಿಸಿದೆ ಎಂದೆ. ಪೆಟ್ಟಿಗೆಯ ಕಥೆಯನ್ನು ಮೊದಲಿನಿಂದ ಹೇಳಿದೆ. ತಪ್ಪು ನನ್ನದು, ಹತ್ತು ದಿನ ನಿನ್ನನ್ನು ಚಳಿಯಲ್ಲಿ ಮಲಗಿಸಿದೆ ಎಂದೆ.

"ನಂಗೆ ಗೊತ್ತಿತ್ತು. ಬಾಯ್ಲರ್ ಹೊತ್ಕೊಳ್ಳಲ್ಲ, ಗೋಡೆ ಮಾತ್ರ ಬಿಸಿ. ಇದರಲ್ಲಿ ತಿಳಿಯದೇ ಇರೋಕೆ ಏನಿದೆ?"

"ಮತ್ತೆ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನೀನು ಬೆಂಕಿ ಆರಿಸಿಬಿಡ್ತಿದ್ದೆ. ಗೋಡೆ ಬಿಸಿಯಿದ್ರೆ ನೀನು ಕೆಳಗೆ ಕೂತಿದ್ದೀಯ ಅಂತ ಗೊತ್ತಾಗ್ತಿತ್ತು. ನೀನಂತೂ ಮೇಲೆ ಬಂದು ಕೂರ್ತಿರ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಕೈಯನ್ನು ಗೋಡೆಯಿಂದ ತೆಗೆದು ಹಿಂದಕ್ಕೆ ಚಾಚಿದಳು, ನಾನು ಹಿಡಿದುಕೊಂಡೆ. ಮೂವತ್ತೈದು ವರ್ಷದಲ್ಲಿ ಚಳಿಗಾಲದ ನಡುವೆ ಒಲೆ ಆರಿದ್ದು ಇದೇ ಮೊದಲು. ಬೂದಿ ತೆಗೆಯಲು ಹೋಗಲಿಲ್ಲ.

೬ ಫೆಬ್ರವರಿ, ಮಂಗಳವಾರ

ಕೆರಿ ಸ್ವಾನ್ಸಿಯಿಂದ ಬಂದವನು ಮನೆಗೂ ಹೋಗದೆ ಇಲ್ಲಿಗೇ ಬಂದ. ನಾನು ಎಲ್ಲವನ್ನೂ ಹೇಳಿದೆ. ಆಡಿಕೊಳ್ಳುತ್ತಾನೆ ಎಂದು ಕಾದಿದ್ದೆ, ಅವನು ನಗಲಿಲ್ಲ. ತಾನು ನೆಟ್ಟಗೆ ಹೇಳಬೇಕಿತ್ತು ಎಂದ. ಪೆಟ್ಟಿಗೆಯನ್ನು ಕಿತ್ತು ಮೇಲೆ ಹಾಕಿದ. ಹಲಗೆ ಕೀಳದೆ, ತಂತಿಯನ್ನು ಮೆಟ್ಟಿಲ ಅಂಚಿಗೆ ಸಣ್ಣ ಮೊಳೆ ಹೊಡೆಯುತ್ತ ಎಳೆದು ತಂದ. ಮೊದಲ ದಿನವೇ ಹೀಗೆ ಮಾಡಬಹುದಿತ್ತು. ಹಲಗೆ ಕೀಳದೆ ಆಗುತ್ತದೆಯೇ ಎಂದು ಅಂದು ನಾನು ಕೇಳಿಯೂ ಇರಲಿಲ್ಲ.

ಕೆರಿ ಮೊಳೆ ಹೊಡೆಯುವಾಗ ಮೆನ್ನಾ ಮಲಗಿದಲ್ಲಿಂದಲೇ ಅವನ ಕಾಲೆಳೆದಳು. ಒಂದು ತಂತಿ ಎಳೆಯೋಕೆ ಎರಡು ಸಲ ಬಂದಿದ್ದೀಯ, ಸರ್ಕಾರ ನಿನಗೆ ಕಲಿಸಿದ್ದು ಇದೇನಾ ಎಂದಳು. ಅವನು, ಚಿಕ್ಕಮ್ಮಾ, ಮೊದಲ ಸಲ ನಿಮ್ಮ ಯಜಮಾನರ ಲೆಕ್ಕದ್ದು, ಎರಡನೆಯದು ನನ್ನದು ಎಂದ. ಅವಳು ನಕ್ಕು ಕೆಮ್ಮು ಬಂದು ಬಹಳ ಸಂಕಟಪಟ್ಟಳು.

ಈಗ ಒಲೆ ಹೊತ್ತಿಸಿದರೂ ತೊಂದರೆಯಿಲ್ಲ ಎಂದು ಕೆರಿ ಹೇಳಿದ. ಹೊತ್ತಿಸುತ್ತೇನೆ ಎಂದೆ.

೧೨ ಫೆಬ್ರವರಿ, ಸೋಮವಾರ

೨೧, ೨೧, ೨೧. ಇಷ್ಟು ಚೆಂದದ ಅಂಕಿಗಳನ್ನು ಇಪ್ಪತ್ತೆರಡು ವರ್ಷದ ಫೈರ್‌ಮನ್ ನೌಕರಿಯಲ್ಲೂ ಬರೆದಿರಲಿಲ್ಲ. ತಿಂದದ್ದು: ಏನೂ ಇಲ್ಲ. ನೀರಿನಲ್ಲಿ ಅದ್ದಿದ ಹತ್ತಿಯಿಂದ ತುಟಿ ಒರೆಸಲು ಡೆಲಿತ್ ಹೇಳಿಕೊಟ್ಟಳು. ಅದು ನನಗೆ ಬರುತ್ತದೆ. ಬೆನ್ನಿನ ಕೆಳಗೆ ಕೈಕೊಟ್ಟು ಮಗ್ಗುಲು ಬದಲಿಸುವುದೂ ಈಗ ಬರುತ್ತದೆ, ಮೊದಮೊದಲು ಮುರಿದುಬಿಡುತ್ತೇನೋ ಎಂದು ಹೆದರುತ್ತಿದ್ದೆ.

ಕಲ್ಲಿದ್ದಲಿನ ಲಾರಿ ಬಂದು ಬಾಗಿಲ ಮುಂದೆ ಸುರಿದು ಹೋಗಿದೆ. ಹೊತ್ತು ಹಾಕಬೇಕು.

೧೫ ಫೆಬ್ರವರಿ, ಗುರುವಾರ

ನೆಸ್ತಾ ಬಂದಳು. ಬಾಗಿಲ ಮುಂದಿನ ರಾಶಿಯ ಮೇಲೆ ಹಾದು ಬರುವಾಗ ಕಾಲುಚೀಲ ಕಪ್ಪಾಯಿತೆಂದು ಕೂಗಾಡಿದಳು. ಹಿಂದಿನ ಕೋಣೆಗೆ ಹೋಗಿ ಅಲ್ಲಿಂದ ಏನೋ ಹುಡುಕುತ್ತ ಮೇಲೆ ಬಂದಳು. ರೇಡಿಯೋ ಎಲ್ಲಿ, ಕನ್ನಡಕ ಎಲ್ಲಿ, ಚಹಾದ ಕೆಟಲು ಎಲ್ಲಿ ಎಂದಳು. ಎಲ್ಲವೂ ಇಲ್ಲೇ ಇವೆಯಲ್ಲ ಎಂದೆ.

"ಯಾವಾಗ ಮನೆ ಬದಲಾಯಿಸಿದೆ ಭಾವ?"

ಅವಳ ಮಾತು ನನಗೆ ಒಂದೊಂದು ಸಲ ಅರ್ಥವಾಗುವುದಿಲ್ಲ. ಕೆಟಲು ಇಲ್ಲಿದ್ದರೆ ಪ್ರತಿ ಸಲ ಮೆಟ್ಟಿಲು ಇಳಿಯುವ ಕಷ್ಟವಿಲ್ಲ, ಅಷ್ಟೇ.

೨೦ ಫೆಬ್ರವರಿ, ಮಂಗಳವಾರ

ನಾಳೆಯಿಂದ ಉಪವಾಸದ ದಿನಗಳು, ಇವತ್ತು ಪ್ಯಾನ್‌ಕೇಕ್ ಹಬ್ಬ. ನೆಸ್ತಾ ಕೆಳಗೆ ಮಾಡಿ ಒಂದೊಂದಾಗಿ ತಂದುಕೊಟ್ಟಳು, ನಿಂಬೆರಸ, ಸಕ್ಕರೆ ಹಾಕಿ. ಮೆನ್ನಾ ಉಗುರಿನಷ್ಟು ತಿಂದಳು. ನಿಂಬೆ ಹುಳಿಗೆ ಮುಖ ಕಿವುಚಿ ಕಣ್ಣು ಬಿಟ್ಟಳು, ಹಳೆಯ ಮೆನ್ನಾಳ ಹಾಗೆ. ನಾನು ಏಳು ತಿಂದೆ. ನೆಸ್ತಾ ಎಣಿಸಿದಳಂತೆ.

ನೆಸ್ತಾ ಹೋದ ಮೇಲೆ ಮೆನ್ನಾ, ನನ್ನ ಜೇಬಿನಲ್ಲಿ ಸೀಮೆಸುಣ್ಣ ಇದೆಯೇ ಎಂದು ಕೇಳಿದಳು. ಇದೆ ಎಂದೆ. ಗೋಡೆ ತೋರಿಸಿದಳು.

"ಇಲ್ಲಿ ನಿನ್ನ ಗುರುತು ಹಾಕು."

ಆಗುವುದಿಲ್ಲ ಎಂದೆ. ಜಾಗ ಕ್ಷೇಮವಾಗಿದ್ದರೆ ಮಾತ್ರ ಫೈರ್‌ಮನ್ ಗುರುತು ಹಾಕುವುದು. ಇಲ್ಲಿ ಚಾವಣಿ ಇಳಿಯುತ್ತಿದೆ, ನನಗೆ ಕಾಣುತ್ತಿದೆ, ಆಸರೆ ಕೊಡಲು ನನ್ನ ಹತ್ತಿರ ಒಂದು ಕೋಲೂ ಇಲ್ಲ. ಇಷ್ಟನ್ನು ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಹೇಳಿದ್ದು, ಇಲ್ಲಿ ಸುಳ್ಳು ಬರೆದ ಹಾಗಾಗುತ್ತದೆ ಎಂದು ಮಾತ್ರ.

"ಕ್ಷೇಮ ಅಂತ ಬರಿ ಅಂದ್ನಾ ನಾನು? ಬಂದಿದ್ದೆ ಅಂತ ಬರಿ ಸಾಕು."

ಬರೆದೆ. ಅವಳ ಕೈಗೆ ಎಟುಕುವ ಎತ್ತರದಲ್ಲಿ. ಎ.ಬೇ. ೨೦-೨-೯೬. ಅವಳು ಅದರ ಮೇಲೆ ಬೆರಳು ಇಟ್ಟುಕೊಂಡು ನಿದ್ದೆ ಹೋದಳು. ಸುಣ್ಣ ಅಳಿಸುತ್ತಿತ್ತು. ಬೆಳಿಗ್ಗೆ ಮತ್ತೆ ಬರೆದರಾಯಿತು ಎಂದು ಸುಮ್ಮನಾದೆ.

೨೧ ಫೆಬ್ರವರಿ, ಬುಧವಾರ

೨೧, ೨೧, ೨೧. ಎ.ಬೇ. ೨೧-೨-೯೬.

೨೨ ಫೆಬ್ರವರಿ, ಗುರುವಾರ

ಮಾತಿಲ್ಲ. ಕೈ ಮಾತ್ರ ಬಿಗಿಯಾಗಿ ಹಿಡಿದಿದ್ದಾಳೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಎ.ಬೇ. ೨೨-೨-೯೬.

೨೪ ಫೆಬ್ರವರಿ, ಶನಿವಾರ

ಬೆಳಿಗ್ಗೆ ಎಂಟೂ ಹತ್ತಕ್ಕೆ. ಹೊರಗೆ ಬಿಸಿಲಿತ್ತು. ಡೆಲಿತ್, ನೆಸ್ತಾ, ನಾನು ಇದ್ದೆವು. ಕಷ್ಟಪಡಲಿಲ್ಲ ಎಂದು ಡೆಲಿತ್ ಹೇಳಿದಳು. ನಾನೂ ನೋಡಿದೆ. ಕಷ್ಟಪಡಲಿಲ್ಲ.

ನಮ್ಮ ಕಣಿವೆಯಲ್ಲಿ ಯಾರಾದರೂ ಹೋದರೆ, ಜೀವಕ್ಕೆ ದಾರಿಯಾಗಲಿ ಎಂದು, ಕಿಟಕಿ ತೆರೆಯುತ್ತಾರೆ. ನೆಸ್ತಾ ಹೋಗಿ ತೆರೆದಳು. ಇಡೀ ಚಳಿಗಾಲ ನಾವು ಕಾಗದ ತುರುಕಿ ಮುಚ್ಚಿದ್ದ ಕಿಟಕಿ, ಬಿಗಿದುಕೊಂಡಿತ್ತು, ಭುಜ ಕೊಟ್ಟು ತಳ್ಳಿದಳು. ತಣ್ಣನೆಯ ಗಾಳಿ ಒಳಗೆ ಬಂದು ಹೊದಿಕೆಯ ಅಂಚನ್ನು ಅಲ್ಲಾಡಿಸಿತು.

ಆಗ ಗೋಡೆಯ ಮೇಲೆ ಪೆಟ್ಟಿಗೆ ಟಿಕ್ ಎಂದಿತು. ಕೆಳಗೆ ಬಾಯ್ಲರು ಹೊತ್ತಿಕೊಂಡಿತು. ರೇಡಿಯೇಟರಿನೊಳಗೆ ನೀರು ಹರಿಯುವ ಸದ್ದು ಶುರುವಾಯಿತು. ಮೆನ್ನಾಳಿಗೆ ಚಳಿಯಾಗುತ್ತಿದೆ ಎಂದು ಅದು ತಿಳಿದುಕೊಂಡಿತ್ತು.

ಡೆಲಿತ್ ಅದನ್ನು ಆರಿಸಲು ಕೈ ಚಾಚಿದಳು. ಬಿಡಮ್ಮಾ, ಇರಲಿ ಎಂದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನೆಸ್ತಾ, ಜನ ಬರುತ್ತಾರೆ, ಕೆಳಗೆ ಬೆಂಕಿ ಹೊತ್ತಿಸುತ್ತೇನೆ ಭಾವ ಎಂದು ಇಳಿದು ಹೋದಳು. ನಾನು ಕುರ್ಚಿಯಲ್ಲೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಗೋಡೆ ಮುಟ್ಟಿದಾಗ ಬೆಚ್ಚಗಿತ್ತು.

ಮೇಲಿನ ಕೋಣೆ, ಹತ್ತು ಗಂಟೆ, ಕಿಟಕಿ ತೆರೆದಿದೆ: ೧೨. ಬಾಯ್ಲರು ಉರಿಯುತ್ತಿದೆ. ಎ.ಬೇ. ೨೪-೨-೯೬.